ಟೇಪು ಹಚ್ಚಿದ ಗುಂಡಿ

ಬಾರಿಯೊ
ನವೆಂಬರ್ ೧೨, ೨೦೨೩, ಭಾನುವಾರ

ಪ್ರೀತಿಯ ಗೆರಾವತ್,

ಹೇಗಿದ್ದೀಯ? ಬೆಟ್ಟದ ಮೇಲಿನ ನಮ್ಮೂರು ಬಿಟ್ಟವನ ಮೈಗೆ ಮೀರಿ ಪಟ್ಟಣದ ಸೆಕೆ ಒಗ್ಗಿತೆ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಮನ್ನಿಸು. ವಿಮಾನದಲ್ಲಿ ಹೋಗುವವರ ಕೈಯಲ್ಲಿ ಕಳಿಸೋಣವೆಂದು ಕಾದೆ ಎಂದು ಬರೆಯಬಹುದಿತ್ತು. ಅದು ನೆಪ. ಬರೆಯಬೇಕಾದ್ದು ಮೊದಲು ನನಗೇ ಖಚಿತವಾಗಬೇಕಿತ್ತು.

ಇಲ್ಲಿ ಎಲ್ಲರೂ ಕ್ಷೇಮ. ಭತ್ತ ಹಾಲುಗಟ್ಟುತ್ತಿದೆ, ಹಕ್ಕಿ ಓಡಿಸುವುದೇ ಕೆಲಸ. ಲೂಸಿಯ ಮಗು ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡೇ ನಿದ್ದೆ ಮಾಡುತ್ತದೆ. ಕ್ರಿಸ್‌ಮಸ್ ಮುಗಿದ ಮೇಲೆ ಹೆಸರು ಬದಲಿಸುವ ಊಟ ಇಟ್ಟುಕೊಂಡಿದ್ದೇವೆ. ಮಗಳು ತಾಯಾದಳು, ನಾನು ಅಜ್ಜನಾದೆ. ನಮ್ಮ ಪದ್ಧತಿಯಂತೆ ಇಬ್ಬರಿಗೂ ಹೊಸ ಹೆಸರು ಬೇಕು. ಸೋದರಮಾವ ನೀನಿಲ್ಲದೆ ಆ ಊಟಕ್ಕೆ ಹಂದಿ ಕೊಯ್ಯುವುದಿಲ್ಲವೆಂದು ಒಂದೇ ಸೂರಿನಡಿಯ ನಮ್ಮ ಉದ್ದಮನೆಯವರೆಲ್ಲ ಹಟ ಹಿಡಿದಿದ್ದಾರೆ.

ನೀನು ಬರೆದಿದ್ದೆ: "ಆ ದಾರೀಲಿ ನಾನಿನ್ನು ಗಾಡಿ ಹತ್ತೋನಲ್ಲ ಭಾವ. ನನ್ನ ಕಾಲು ಸರಿಯಾಗಿ ಕೆಲಸ ಮಾಡಿದ್ರೆ ಅಕ್ಕ ಉಳೀತಿದ್ಲು." ನಾನೀಗ ಬರೆಯುತ್ತಿರುವುದು ಆ ಒಂದು ಮಾತಿಗೆ ಉತ್ತರ.

ಕಳೆದ ವರ್ಷ ಮಾರ್ಚಿನಲ್ಲಿ ಮೋಡ ಕವಿದು ವಿಮಾನ ನಿಂತಿತ್ತು. ನಿನ್ನ ಅಕ್ಕ ಸುಪಾಂಗಳ ಹೊಟ್ಟೆನೋವು ತಡೆಯಲಾರದಷ್ಟಾಗಿ, ಚಿಕಿತ್ಸಾಲಯದ ಹೊಸ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟೆವು. ಕೆಂಪು ದಿಣ್ಣೆಯ ಅರ್ಧದಲ್ಲಿ ಗಾಡಿ ಹೂತುಕೊಂಡಿತು. ಸ್ಟೀರಿಂಗ್ ಹಿಡಿದಿದ್ದ ನೀನು ಆಕ್ಸಿಲರೇಟರ್ ಒತ್ತಿದಷ್ಟೂ ಇಂಜಿನ್ ಉಸಿರುಗಟ್ಟಿದಂತೆ ಕುಗ್ಗಿತು. ಮರ ಕಡಿಯುವ ಕಂಪನಿಯ ಟ್ರ್ಯಾಕ್ಟರ್ ಬರುವ ಹೊತ್ತಿಗೆ ಅವಳಿರಲಿಲ್ಲ.

ಆ ದಿನದ ನನ್ನ ಅಂಗಿಯನ್ನು ಬಹಳ ಕಾಲ ಹಾಗೇ ಇಟ್ಟಿದ್ದೆ. ಈ ಮೇ ತಿಂಗಳಲ್ಲಿ ಒಗೆಯೋಣವೆಂದು ತೆಗೆದೆ. ತೋಳಿಗೆ, ಮೊಣಕೈಗೆ ಮಣ್ಣು. ಎದೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಗೆರಾವತ್, ನಿನ್ನ ಹಳೆಯ ಗಾಡಿಯನ್ನು ನಾವೆಷ್ಟು ಸಲ ತಳ್ಳಿದ್ದೇವೆ! ಹಿಂದೆ ನಿಂತು ತಳ್ಳಿದವನ ಹಲ್ಲು ಬಿಟ್ಟು ಬೇರೇನೂ ಬೆಳ್ಳಗೆ ಉಳಿಯುತ್ತಿರಲಿಲ್ಲ. ಆ ದಿನ ಅಷ್ಟು ಹೊತ್ತು ತಳ್ಳಿದ ನನ್ನ ಮೇಲೆ ಕೆಸರು ಯಾಕೆ ಹಾರಲಿಲ್ಲ? ಚಕ್ರ ತಿರುಗಿರಲೇ ಇಲ್ಲ. ನೀನು ಕಾಲು ಒತ್ತುತ್ತಲೇ ಇದ್ದೆ, ಗಾಡಿ ನಿನ್ನ ಮಾತು ಕೇಳುತ್ತಿರಲಿಲ್ಲ.

ಗಾಡಿ ಒಪ್ಪಿಸಿದ ದಿನ ನೆನಪಿದೆಯೆ? ಇಲಾಖೆಯ ಅಧಿಕಾರಿ ಗೇರಿನ ಹಿಡಿಯ ಪಕ್ಕದ, ತಿರುಗಿಸುವ ದುಂಡನೆಯ ಗುಂಡಿಗೆ ಟೇಪು ಹಚ್ಚಿ, "ಇದನ್ನ ಯಾರೂ ಮುಟ್ಬೇಡಿ, ಕೆಟ್ರೆ ನಾವು ಜವಾಬ್ದಾರರಲ್ಲ. ನಿಮ್ಮೂರಿಗೆ ಇದ್ದ ಹಾಗೇ ಸಾಕು" ಎಂದು ಫೋಟೊ ತೆಗೆಸಿಕೊಂಡು ವಿಮಾನ ಹತ್ತಿದ. ಇದೇ ಜನ ಹಿಂದೊಮ್ಮೆ ಮೊಣಕಾಲುದ್ದದ ನಮ್ಮ ಹೊಳೆಗೆ ದೋಣಿಯ ಇಂಜಿನ್ ಕೊಟ್ಟಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಪ್ರತಿ ಚುನಾವಣೆಗೂ ರಸ್ತೆ ಬರುತ್ತಲೇ ಇದೆ. ಬಂದದ್ದು ಮರಕ್ಕಾಗಿ ಕಡಿದ ದಾರಿ. ಮರ ಇಳಿದುಹೋಯಿತು, ಅದರ ಹಿಂದೆಯೇ ದಾರಿಯೂ ಇಳಿದುಹೋಗುತ್ತಿದೆ.

ಗಾಡಿಯ ಜೊತೆ ಬಂದ ಪುಸ್ತಕವನ್ನು ಅವರು ಕಚೇರಿಯಲ್ಲೇ ಉಳಿಸಿಕೊಂಡಿದ್ದರು. ಕಾಡಿಬೇಡಿ ತರಿಸಿ ಓದಿದೆ. ಕಷ್ಟದ್ದೇನಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಚಕ್ರ ಜಾರಿದರೆ ಗಾಡಿಯ ಕಂಪ್ಯೂಟರ್ ಹೆದರಿ ಇಂಜಿನ್ನಿನ ಬಲ ತಗ್ಗಿಸುತ್ತದೆ. ಡಾಂಬರಿನ ಮೇಲೆ ಅದು ಜೀವ ಉಳಿಸುವ ಉಪಾಯ. ಆಳದ ಕೆಸರಿನಲ್ಲಿ ಚಕ್ರ ಜಾರಲೇಬೇಕು. ಜಾರಿ ಕೆಸರು ಕಿತ್ತೆಸೆದರೆ ತಾನೆ ಕೆಳಗಿನ ಗಟ್ಟಿ ನೆಲ ಸಿಗುವುದು? ಗುಂಡಿಯನ್ನು ಕೆಸರಿನ ಚಿತ್ರಕ್ಕೆ ತಿರುಗಿಸಿದರೆ ಗಾಡಿ ಅದಕ್ಕೆ ಒಪ್ಪುತ್ತದೆ. ಮರಳಿಗೆ, ಬಂಡೆಗೆ, ಹಿಮಕ್ಕೆ ಬೇರೆಬೇರೆ ಚಿತ್ರ.

ಟೇಪು ಕಿತ್ತೆ. ಕಳೆದ ವಾರ ದೊಡ್ಡ ಮಳೆಯಾದ ಮರುದಿನ ಗಾಡಿಯನ್ನು ಕೆಂಪು ದಿಣ್ಣೆಗೆ ಒಯ್ದೆ. ಸುದ್ದಿ ತಿಳಿದು ಊರೇ ಹಿಂದೆ ಬಂತು. ದಾಯಂಗ್ ಅಜ್ಜಿಯಂತೂ ಹಿಂದಿನ ಸೀಟಿನಲ್ಲಿ ಅನಾನಸಿನ ಬುಟ್ಟಿ ಸಮೇತ ಕೂತುಬಿಟ್ಟಳು.

"ಇಳಿಯಜ್ಜಿ, ಗಾಡಿ ಜಾರುತ್ತೆ."

"ಜಾರ್ಲಿ ಬಿಡೊ ಮೇಷ್ಟ್ರೇ. ಈ ವಯಸ್ಸಿಗೆ ನನ್ನ ಯಾರು ಸುತ್ತಾಡಿಸ್ತಾರೆ?"

ದಿಣ್ಣೆಯ ಬುಡ ಒದ್ದೆಯಾದ ಗಟ್ಟಿ ಜೇಡಿ, ಎಣ್ಣೆ ಸವರಿದಂತಿತ್ತು. ಅಲ್ಲಿಗೆ ಹಿಮದ ಚಿತ್ರ ಇಟ್ಟೆ. ಗಾಡಿ ಬೆಕ್ಕಿನ ಹಾಗೆ ಮೆಲ್ಲನೆ ಹೆಜ್ಜೆಯಿಟ್ಟಿತು.

"ಅದೇನು ಹತ್ತಿ ಹೂವಿನ ಚಿತ್ರ?" ಎಂದಳು ಅಜ್ಜಿ.

"ಹಿಮ, ಅಜ್ಜಿ."

"ಅಯ್ಯೋ, ಅದನ್ನ ಬಾರಿಯೊದಲ್ಲಿ ಎಲ್ಲಿಂದ ತರ್ತೀಯ? ಪಾದ್ರಿಗೆ ಹೇಳು, ಪ್ರಾರ್ಥನೆ ಮಾಡಿ ಬೀಳಿಸ್ಲಿ!"

ನಾವು ಹೂತ ಜಾಗಕ್ಕೆ ಬಂದಾಗ ಬೇಕೆಂದೇ ಸಾಮಾನ್ಯ ಸ್ಥಿತಿಗೆ ತಂದೆ. ಅದೇ ಸದ್ದು, ಗೆರಾವತ್. ಅದೇ ಉಸಿರುಗಟ್ಟುವ ಸದ್ದು. ಪಾದ್ರಿ ತಗಾಲ್ ಹಿಂದಿನಿಂದ ತಳ್ಳಿದರು; ಅಂಗಿ ಮಡಿಯಾಗಿಯೇ ಉಳಿಯಿತು. ಆಮೇಲೆ ಗುಂಡಿಯನ್ನು ಕೆಸರಿಗೆ ತಿರುಗಿಸಿ ಒತ್ತಿದೆ. ಚಕ್ರ ಗಿರ್ರನೆ ತಿರುಗಿತು, ಪಾದ್ರಿ ನೆತ್ತಿಯಿಂದ ಪಾದದವರೆಗೆ ಕೆಂಪಾದರು, ಗಾಡಿ ನೆಲ ಕಚ್ಚಿಕೊಂಡು ತೆವಳುತ್ತ ಮೇಲೆ ಹತ್ತಿತು.

ಪಾದ್ರಿ ಕಣ್ಣೊರೆಸಿಕೊಂಡು, "ಆ ಹುಡುಗಂಗೆ ಬರೀರಿ ಮೇಷ್ಟ್ರೇ, ಇವತ್ತೇ ಬರೀರಿ" ಎಂದರು. ನನಗೆ ಒಂದು ವಾರ ಬೇಕಾಯಿತು.

ದಿಣ್ಣೆ ಹತ್ತಿದ್ದರೆ ಸುಪಾಂಗ್ ಬದುಕುತ್ತಿದ್ದಳೆಂದು ನಾನು ಹೇಳುವುದಿಲ್ಲ. ಆಸ್ಪತ್ರೆ ದೂರವಿತ್ತು, ಕರುಳು ಒಡೆದಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ದಿಣ್ಣೆ ಹತ್ತುತ್ತಿದ್ದೆವು ಎಂದಷ್ಟೇ ಹೇಳುತ್ತೇನೆ. ಹತ್ತದಿದ್ದುದು ನಿನ್ನ ಕಾಲಿನ ದೋಷವಲ್ಲ. ಇಲಾಖೆಗೂ ಇದನ್ನೆಲ್ಲ ಬರೆದಿದ್ದೇನೆ, ಕಿತ್ತ ಟೇಪನ್ನು ಅದಕ್ಕೇ ಅಂಟಿಸಿ. "ನಿಮ್ಮ ಅಹವಾಲು ಪರಿಶೀಲನೆಯಲ್ಲಿದೆ" ಎಂದು ಉತ್ತರ ಬರುತ್ತದೆ. ನಾನು ಮತ್ತೆ ಬರೆಯುತ್ತೇನೆ. ಅದು ನನ್ನ ಕೆಲಸ. ನಿನ್ನ ಕೆಲಸ ಗಾಡಿ ಓಡಿಸುವುದು. ನೀನು ಬಿಟ್ಟ ಮೇಲೆ ಗಾಡಿ ನಿಂತೇ ಇದೆ, ಬಸುರಿಯರು ತಿಂಗಳು ಮುಂಚೆಯೇ ವಿಮಾನ ಹತ್ತಿ ಹೋಗಿ ಯಾರ ಮನೆಯಲ್ಲೋ ಕಾಯುತ್ತಾರೆ.

ಬಾ. ಗುಂಡಿ ಹೇಗೆ ತಿರುಗಿಸುವುದೆಂದು ನಾನೇ ಹೇಳಿಕೊಡುತ್ತೇನೆ. ನಿನಗೆ ಶಾಲೆಯಲ್ಲಿ ಅಕ್ಷರ ಕೂಡಿಸುವುದು ಹೇಳಿಕೊಟ್ಟವನಿಗೆ ಇದೇನು ಕಷ್ಟ. ದೇವರು ನಿನ್ನ ಕೈಕಾಲುಗಳನ್ನು ಕಾಯಲಿ, ಎದೆಯ ಭಾರ ಇಳಿಸಲಿ.

ನಿನ್ನ ಭಾವ,
ಲೂಗುನ್
(ಹಬ್ಬ ಕಳೆದ ಮೇಲೆ ಈ ಹೆಸರು ಇರುವುದಿಲ್ಲ. ಅಷ್ಟರೊಳಗೆ ಬಂದರೆ ಹಳೆಯ ಹೆಸರಿನಲ್ಲೇ ಬೈಯಬಹುದು.)

ಮರೆತ ಮಾತು: ಮರೆತಿರಲಿಲ್ಲ. ಆ ದಿನ ನಾನು ಗಾಡಿಯ ಹಿಂದಿದ್ದೆ. ಹಿಂದಿನ ಗಾಜಿನಲ್ಲಿ ಸುಪಾಂಗ್ ತಲೆಯೆತ್ತಿ ನಿನ್ನ ಭುಜ ಹಿಡಿದು ಏನೋ ಹೇಳಿದ್ದು ಕಂಡಿತು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಮುಗಿದಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ, ಆಮೇಲೆ ನೀನು ಊರು ಬಿಟ್ಟೆ. ಬರೀ ನೀರು ಕೇಳಿದ್ದರೂ ಸರಿ, ಗೆರಾವತ್. ಬಂದು ಹೇಳು.