ಸೀಗೆಯ ಜೊತೆ ನಾನೂ

ಅತ್ತೀ,

ನೀವು ಹೋಗಿ ನಾಲ್ಕು ವರ್ಷವಾಯಿತು. ನಿಮ್ಮ ಮೊಮ್ಮಗಳು ಶಿಲ್ಪಾಳ ಮದುವೆ ಆಯಿತು; ರಟ್ಟೀಹಳ್ಳಿಯ ಹುಡುಗ, ಒಳ್ಳೆಯವನು. ಆದರೆ ನಾನು ಬರೆಯಲು ಕುಳಿತದ್ದು ಅಷ್ಟಕ್ಕೇ ಅಲ್ಲ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನೀವು ನನ್ನನ್ನು ಹೊಲದ ಬದುವಿಗೆ ಕರೆದೊಯ್ದಿರಿ. ಹುಣಸೆ ಮರದ ಮೇಲೆಲ್ಲ ಹಬ್ಬಿದ ಸೀಗೆ ಬಳ್ಳಿ, ಮೈತುಂಬ ಮುಳ್ಳು. ಹುಳಿ ಚಿಗುರು ಚಟ್ನಿಗೆ, ಕಾಯಿ ತಲೆ ಎರೆದುಕೊಳ್ಳಲು. ನನ್ನ ಸೆರಗು ಸಿಕ್ಕಿಕೊಂಡು ನಾನು ಕೂಗಾಡಿದರೆ ನೀವು ತಿರುಗಿಯೂ ನೋಡಲಿಲ್ಲ. "ಸೆರಗು ಆಮ್ಯಾಲೆ ಬಿಡಿಸ್ಕೊ, ಮೊದಲ ಕಾಯಿ ಹರಿ," ಅಂದಿರಿ. ಮುಳ್ಳಿಗೆ ಜಗ್ಗದ ಹೆಂಗಸು ನೀವು.

ಅಕ್ಕಿಆಲೂರಿನ ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ನೀವು ಸೀಗೆಕಾಯಿ ಒಯ್ಯುತ್ತಿದ್ದುದು ನೆನಪಿದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಎರೆಯುವ ಸುರಗಿಗೆ ನಿಮ್ಮ ಸೀಗೆಯೇ ಆಗಬೇಕು. ಕುಟ್ಟುವವರು, ಎರೆಯುವವರು ಮಾತ್ರ ಐದು ಮಂದಿ ಮುತ್ತೈದೆಯರು. ಗಂಡನಿಲ್ಲದ ನೀವು ಹೊಸ್ತಿಲಲ್ಲಿ ಬುಟ್ಟಿ ಇಳಿಸಿ ತಿರುಗಿ ಬರುತ್ತಿದ್ದಿರಿ. ಹೆತ್ತ ಮಗನ ಸುರಗಿಯಲ್ಲೂ ಬಾಗಿಲ ಹಿಂದೆ ನಿಂತಿದ್ದಿರಂತೆ. ಯಾಕೆ ಸುಮ್ಮನಿದ್ದಿರಿ ಅತ್ತೀ? ನನಗೆ ಈಗಲೂ ಸಿಟ್ಟು ಬರುತ್ತದೆ, ನಿಮ್ಮ ಮೇಲೆಯೇ.

ಆ ನಿಮ್ಮ ಮಗ ನಿಮ್ಮ ಕಣ್ಣೆದುರೇ ಹೋದರು. ಹಾಗಾಗಿ ಶಿಲ್ಪಾಳ ಸುರಗಿಯ ಬೆಳಿಗ್ಗೆ ಬಾಗಿಲ ಹಿಂದಿನ ಜಾಗ ನನ್ನ ಪಾಲಿಗೆ ಬಂತು. ತೋರಿಸಿಕೊಟ್ಟವಳು ಬೇರೆ ಯಾರೂ ಅಲ್ಲ, ನಿಮ್ಮ ಮಗಳು ಶಾಂತಾ. "ವೈನಿ, ನೀವು ಒಳಗ ಇರ್ರಿ. ಹಿಂದಿನಿಂದ ನಡಕೊಂಡು ಬಂದದ್ದು, ನಾ ಏನ್ ಮಾಡ್ಲಿ?" ಅಂದಳು. ನಾನು ಹೆತ್ತು ಸಾಕಿದ ಹುಡುಗಿ, ನಾನೇ ಹರಿದು ಒಣಗಿಸಿದ ಸೀಗೆ, ಮತ್ತು ನಾನು...

ಶಾಂತಾ ಸೇರಿ ಐವರು ಮುತ್ತೈದೆಯರು ಒರಳಿನ ಸುತ್ತ ನಿಂತದ್ದು ನೆನೆದರೆ ಈಗಲೂ ನಗು ಬರುತ್ತದೆ. ಶಾಂಪೂ ಕಾಲದವರು, ಸೀಗೆ ಕುಟ್ಟಿ ಗೊತ್ತಿಲ್ಲ. ಒರಳಿನ ಬಾಯಿಗೆ ಒದ್ದೆ ಬಟ್ಟೆ ಸುತ್ತದೆ ಒನಕೆ ಎತ್ತಿದರು. ನಾನು ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಏಟು ಬಿದ್ದಿತೋ ಇಲ್ಲವೋ, ಘಾಟು ಮೂಗಿಗೇರಿ ಮೊದಲು ಶಾಂತಾ ಸೀನಿದಳು, ಹಿಂದೆಯೇ ಉಳಿದ ನಾಲ್ವರೂ. ನಾನು ನಿಂತರೆ ಅಪಶಕುನ ಎಂದವರು ಮದುಮಗಳ ಎದುರು ಸಾಲಾಗಿ ಸೀನುತ್ತಿದ್ದರು. "ಸುರಗಿ ಮುಂದ ಶೀನೂದಂದ್ರ..." ಎಂದು ಬೀಗರ ಕಡೆಯ ಅಜ್ಜಿ ಬಾಯಿಗೆ ಸೆರಗು ಹಿಡಿದಳು.

ಕೂದಲು ಬಿಚ್ಚಿ ಮಣೆಯ ಮೇಲೆ ಕುಳಿತಿದ್ದ ಶಿಲ್ಪಾ ಆಗ ಬಾಗಿಲ ಕಡೆ ತಿರುಗಿದಳು. "ಅವ್ವಾ, ನೀ ಬಾ. ನೀ ಎರೀದಿದ್ರ ನಾ ಇಲ್ಲಿಂದ ಏಳೂದಿಲ್ಲ." ನಾನು ಹೊಸ್ತಿಲು ದಾಟಿದೆ. ಬಟ್ಟೆ ತೋಯಿಸಿ ಒರಳಿಗೆ ಸುತ್ತಿದೆ, ನೀವು ಕಲಿಸಿದ ಹಾಗೆಯೇ ಕುಟ್ಟಿದೆ. ನೂಲಿನೊಳಗೆ ಹೋಗಿ ಮಗಳ ನೆತ್ತಿಗೆ ಮೊದಲ ನೀರು ನಾನೇ ಎರೆದೆ. ತಡೆಯಲು ಯಾರೂ ಬರಲಿಲ್ಲ. ಬಂದಿದ್ದರೆ ಆ ತಂಬಿಗೆ ಅವರ ತಲೆಯ ಮೇಲಿರುತ್ತಿತ್ತು.

ಮೊನ್ನೆ ಶಾಂತಾ ದುಂಡಸಿಯಿಂದ ಬಂದಿದ್ದಳು. ಅವಳ ಮಗಳಿಗೂ ಲಗ್ನ ಗೊತ್ತಾಗಿದೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ, "ವೈನಿ, ಒಂದ್ ಬುಟ್ಟಿ ಸೀಗಿಕಾಯಿ ಬೇಕಾಗಿತ್ತರಿ," ಅಂದಳು.

"ಬರೇ ಕಾಯಿ ಕಳಸೂದಿಲ್ಲ ಶಾಂತಾ. ಅದರ ಸಂಗಾಟ ನಾನೂ ಬರ್ತೇನಿ. ಕುಟ್ಟಾಕೂ ನಾನ, ಎರಿಯಾಕೂ ನಾನ."

ಅವಳು ಖಾಲಿ ಕಪ್ಪು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ಗಾಡಿ ಎಷ್ಟೊತ್ತಿಗೆ ಕಳಸ್ಲಿರಿ?" ಎಂದು ಕೇಳಿದಳು.

ನಿಮ್ಮ ಸೊಸೆ,
ಗೌರವ್ವ