ಅಪ್ಪನ ದನಿಯ ಗೆರೆ

ಅಮ್ಮ ತರುವ ಔಷಧಿ ಲೋಟದಿಂದ ತಪ್ಪಿಸಿಕೊಳ್ಳಲು ಪಕ್ಕದ ಕೋಣೆಯಲ್ಲಿ ನಿದ್ದೆ ನಟಿಸುತ್ತಿರುವ ಅಪ್ಪನಿಗೆ,

ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಪತ್ರವೇಕೆ ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ಬಾಯಲ್ಲಿ ಹೇಳಲು ಹೊರಟರೆ ಅತ್ತುಬಿಡುತ್ತೇನೆ, ಅದಕ್ಕೆ. ಪತ್ರವಾದರೆ ನಿನ್ನ ಪಾಡಿಗೆ ನೀನು ಓದಿಕೊಳ್ಳಬಹುದು.

ಮಧ್ಯಾಹ್ನದ ಬಿಸಿಲು ಪರದೆಯ ಹಿಂದೆ ತೂಕಡಿಸುತ್ತಿದೆ. ಇಂಥ ಹೊತ್ತಿನಲ್ಲಿ ನನಗೆ ಈಗಲೂ ನಿನ್ನ ಹಳೆಯ ದನಿ ಕೇಳಿಸುತ್ತದೆ. ರೈಲು ನಿಲ್ದಾಣದ ಹಿಂದಿನ ಮನೆಯಲ್ಲಿ ನಾನು ಅಮ್ಮನ ಪಕ್ಕ ಮಲಗಿರುತ್ತಿದ್ದೆ. ನೀನು ಧ್ವನಿವರ್ಧಕದಲ್ಲಿ ಯಾವುದೋ ಊರಿನ ಗಾಡಿ ತಡವಾಗಿ ಬರುತ್ತದೆ ಎಂದು ಸಾರುತ್ತಿದ್ದೆ. ಪ್ರಯಾಣಿಕರಿಗೆ ಅದು ಕೆಟ್ಟ ಸುದ್ದಿ, ನನಗೆ ಜೋಗುಳ. ನಿದ್ದೆಯೊಳಗೆ ಆ ಗಾಡಿ ಬರುತ್ತಿತ್ತು, ನಾನು ಹತ್ತುತ್ತಿದ್ದೆ, ದಾರಿಯ ಎಲ್ಲ ನಿಲ್ದಾಣಗಳಲ್ಲೂ ನೀನೇ ಮಾತಾಡುತ್ತಿದ್ದೆ.

ಪಾರ್ಶ್ವವಾಯು ನಿನ್ನ ಬಲಗೈಯನ್ನು ಮರಳಿ ಕೊಟ್ಟಿತು, ನಾಲಿಗೆಯನ್ನು ಕೊಡಲಿಲ್ಲ. ಓದು ಬರುತ್ತದೆ, ನಗು ಬರುತ್ತದೆ, ಅಮ್ಮನ ಮೇಲೆ ಸಿಟ್ಟಂತೂ ಚೆನ್ನಾಗಿಯೇ ಬರುತ್ತದೆ. ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಮಾತಿನ ಅಭ್ಯಾಸ ಮಾಡಿಸಲು ಬರುವ ಡಾಕ್ಟರಮ್ಮ ಅಂದಿದ್ದರು: "ದನಿ ಇದೆ, ಅವರಿಗೇ ನಂಬಿಕೆ ಇಲ್ಲ. ಕಿವಿ ನಂಬದೆ ಇರೋದನ್ನ ಕಣ್ಣಿಗೆ ತೋರಿಸಿ. ಈಗ ಅಭ್ಯಾಸ ಬಿಟ್ರೆ ಆಮೇಲೆ ಕಷ್ಟ."

ಕಣ್ಣಿಗೆ ತೋರಿಸುವುದು ನನ್ನ ಕಸುಬೇ ತಾನೇ. ಕಚೇರಿಯಲ್ಲಿ ನದಿಯ ನೀರಿನ ಏರಿಳಿತವನ್ನು ಗೆರೆಯಾಗಿಸುವವಳು ನಾನು. ಗೆರೆ ಎಳೆಯುವುದು ಹಳೆಯದೊಂದು ಗ್ರಾಫ್ ಪ್ರೋಗ್ರಾಮು. ಅದಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಆಜ್ಞೆ ಕೊಡುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ. ನದಿಯ ಬದಲು ನಿನ್ನ ದನಿ, ಅಷ್ಟೇ ವ್ಯತ್ಯಾಸ ಅಂದುಕೊಂಡೆ. ನೀನು ಮೈಕಿನ ಮುಂದೆ "ಆ" ಎಂದರೆ ಪೈಥಾನ್ ಅದನ್ನು ಅಂಕಿಗಳಾಗಿಸಿ ಒಂದು ತಾತ್ಕಾಲಿಕ ಫೈಲಿಗೆ ಬರೆಯಬೇಕು, ಗ್ರಾಫ್ ಪ್ರೋಗ್ರಾಮು ಅದನ್ನು ಓದಿ ಗೆರೆ ಎಳೆಯಬೇಕು.

ಮೊದಲ ದಿನ ನೀನು "ಆ" ಎಂದೆ. ಕಂಪ್ಯೂಟರಿನಲ್ಲಿ ಗ್ರಾಫಿನ ಕಿಟಕಿ ಮಿಂಚಿ ಮಾಯವಾಯಿತು. "ಏನೋ ಬಂತಲ್ಲೇ, ಎಲ್ಲಿ ಹೋಯ್ತು?" ಎಂದು ಅಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದಳು. ನೀನು ನಕ್ಕೆ. ನಾನು ಮೈಕು ಬದಲಾಯಿಸಿದೆ, ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿದೆ. ಜಪ್ಪಯ್ಯ ಅಂದರೂ ಗೆರೆ ನಿಲ್ಲಲಿಲ್ಲ. ಆಮೇಲೆ, ಕೆಲಸ ಮುಗಿದರೂ ಕಿಟಕಿ ಮುಚ್ಚಬೇಡ ಎಂಬ ಆಜ್ಞೆ ಸೇರಿಸಿದೆ. ಕಿಟಕಿಯೇನೋ ನಿಂತಿತು. ಒಳಗೆ ಗೆರೆಯೇ ಇರಲಿಲ್ಲ.

ನೀನು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಮತ್ತೆ ಕೂಗಿದೆ. ಮತ್ತೆ ಖಾಲಿ. ಆ ಬೆಳ್ಳನೆಯ ಜಾಗವನ್ನು ನೀನು ಬೆರಳಿನಿಂದ ತಟ್ಟಿದೆ, ಆಮೇಲೆ ನಿನ್ನ ಗಂಟಲನ್ನು ತಟ್ಟಿಕೊಂಡು ಕೈ ಆಡಿಸಿದೆ, ಏನೂ ಇಲ್ಲ ಎಂದು. ಮರುದಿನ ಡಾಕ್ಟರಮ್ಮ ಬಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ಧೈರ್ಯ ತುಂಬಲು ಹೋಗಿ ನಾನು ನಿನ್ನಲ್ಲಿ ಇದ್ದ ಧೈರ್ಯವನ್ನೂ ಕಿತ್ತುಕೊಂಡಿದ್ದೆ.

ತಪ್ಪು ಸಿಕ್ಕಿದ್ದು ಕಚೇರಿಯಲ್ಲಿ. ಅಲ್ಲಿ ಅದೇ ಆಜ್ಞೆಗಳು, ಅದೇ ಪ್ರೋಗ್ರಾಮು, ಆದರೆ ಗೆರೆ ಅಲುಗದೆ ನಿಂತಿರುತ್ತದೆ. ಏಕೆಂದರೆ ಅಲ್ಲಿ ನಾನು ಒಂದೊಂದೇ ಸಾಲು ಟೈಪ್ ಮಾಡುತ್ತೇನೆ. ಮುಂದಿನ ಸಾಲಿಗಾಗಿ ಪೈಥಾನ್ ಕಾದು ಕೂತಿರುತ್ತದೆ. ಮನೆಯಲ್ಲಿ, ನಿನ್ನನ್ನು ಕಾಯಿಸಬಾರದೆಂದು ಎಲ್ಲ ಸಾಲುಗಳನ್ನೂ ಒಟ್ಟಿಗೆ ಕಟ್ಟಿ ಒಂದೇ ಉಸಿರಿಗೆ ಓಡಿಸಿದ್ದೆ. ಪೈಥಾನ್ ಆಜ್ಞೆ ಕೊಟ್ಟಿತು, ತನ್ನ ಕೆಲಸ ಮುಗಿಯಿತೆಂದು ಫೈಲನ್ನು ಅಳಿಸಿ ಹೊರಟೇಹೋಯಿತು. ನಿಧಾನದ ಗ್ರಾಫ್ ಪ್ರೋಗ್ರಾಮು ಓದಲು ಬರುವಷ್ಟರಲ್ಲಿ ಓದಲು ಏನೂ ಉಳಿದಿರಲಿಲ್ಲ. ನಿನ್ನ ಗಂಟಲು ಖಾಲಿಯಾಗಿರಲಿಲ್ಲ, ಅಪ್ಪ. ಪೈಥಾನಿಗೆ ನನ್ನದೇ ಬುದ್ಧಿ ಬಂದಿತ್ತು. ನೀನು ತುಟಿ ತೆರೆಯುವ ಮೊದಲೇ ನಿನ್ನ ಮಾತನ್ನೂ ಆಡಿ ಮುಗಿಸಿ, "ಅದೇ ತಾನೇ?" ಎಂದು ಎದ್ದುಹೋಗುವವಳು ನಾನಲ್ಲವೇ!

ಕೊನೆಗೆ ಸೇರಿಸಿದ್ದು ಒಂದೇ ಸಾಲು: ಎಂಟರ್ ಒತ್ತುವ ತನಕ ಕದಲಬೇಡ.

ಇವತ್ತು ಬೆಳಿಗ್ಗೆ ನಾವಿಬ್ಬರೂ ಗೋಗರೆದ ಮೇಲೆ ನೀನು ಮುಖ ಗಂಟು ಹಾಕಿಕೊಂಡೇ ಬಂದು ಕೂತೆ. "ಇದೊಂದ್ಸಲ ಅಂದ್ಬಿಡಿ, ಆಮೇಲೆ ಇವಳ ಡಬ್ಬಾನ ನಾನೇ ಅಟ್ಟಕ್ಕೆ ಹಾಕ್ತೀನಿ" ಎಂದಳು ಅಮ್ಮ. ಬೇಕೋ ಬೇಡವೋ ಎಂಬಂತೆ ನೀನು "ಆ" ಎಂದೆ. ಕಿಟಕಿ ತೆರೆಯಿತು. ಅದರೊಳಗೆ ನೀಲಿ ಗೆರೆಯೊಂದು ಎಡತುದಿಯಲ್ಲಿ ನಡುಗುತ್ತ ಎದ್ದು, ಮೇಲೇರಿ, ಅಲ್ಲೇ ಸ್ವಲ್ಪ ದೂರ ತೇಲಿ, ಮೆಲ್ಲಗೆ ಇಳಿದಿತ್ತು. ಅದು ಎಲ್ಲಿಗೂ ಹೋಗಲಿಲ್ಲ. ನೀನು ಮುಖ ಹತ್ತಿರ ತಂದು ಆ ಏರನ್ನು ಬೆರಳಿನಿಂದ ಸವರಿದೆ, ನನ್ನನ್ನು ನೋಡಿದೆ, ಮತ್ತೆ ಸವರಿದೆ.

ನನಗೋ ಮತ್ತೆ ಆತುರ. "ಇನ್ನೊಂದ್ಸಲ ಹೇಳಪ್ಪ" ಎನ್ನುತ್ತ ಎಂಟರ್ ಒತ್ತಲು ಕೈ ಚಾಚಿದೆ. ನೀನು ನನ್ನ ಮಣಿಕಟ್ಟು ಹಿಡಿದೆ. ನಿನ್ನ ತುಟಿ ಅಲುಗಿತು. ಏನು ಹೇಳಹೊರಟಿದ್ದೀಯೆಂದು ನನಗೆ ಗೊತ್ತಾಯಿತು. ಆ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ. ಬೀದಿಯಲ್ಲಿ ಒಂದು ವಾಹನ ಹೋಯಿತು, ಪರದೆ ಉಬ್ಬಿ ಮತ್ತೆ ಇಳಿಯಿತು. ಆಮೇಲೆ ಒಡಕು ದನಿಯಲ್ಲಿ, ತುಂಡು ತುಂಡಾಗಿ, ನೀನೇ ಹೇಳಿದೆ:

"ತಾ... ಳು."

ನಿನ್ನ ಮಾತು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರಲಿ, ಅಪ್ಪ. ನಾನು ಇಲ್ಲೇ ಇರುತ್ತೇನೆ.

ನಿನ್ನ ಆತುರಗಾತಿ ಮಗಳು