ಹಾಜರಿಯಲ್ಲಿ ಬರೆದ ಜ್ವರ

ಅಕ್ಕ,

ನೀವು ಈ ಶಾಲೆ ಬಿಟ್ಟು ಎರಡು ವರ್ಷವಾಯಿತು. ನಿಮ್ಮ ವಿಳಾಸ ನನ್ನಲ್ಲಿದೆ, ಆದರೆ ಇದನ್ನು ಅಂಚೆಗೆ ಹಾಕುವ ಮುಖ ನನಗಿಲ್ಲ.

ನಲವತ್ತು ದೇಶಗಳ ಮಕ್ಕಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಆ ಪರೀಕ್ಷೆ ಇವತ್ತು ನಮ್ಮಲ್ಲಿ ನಡೆಯಿತು. ಕಳೆದ ಸಲ ನಮ್ಮ ದೇಶ ಕೊನೆಯಿಂದ ಮೂರನೆಯದು. ಈ ಸಲವೂ ಅಂಕ ಕಡಿಮೆ ತಂದ ಶಾಲೆಗಳನ್ನು ಮುಚ್ಚುತ್ತೇವೆ ಎಂದು ಮೇಲಿನಿಂದ ಆದೇಶ ಬಂದಿತ್ತು. ನಿಧಾನವಾಗಿ ಓದುವ ಆರು ಮಕ್ಕಳ ಮನೆಗೆ, "ನಿಮ್ಮ ಮಗುವಿಗೆ ಜ್ವರ ಇದ್ದ ಹಾಗಿದೆ, ನಾಳೆ ಕಳಿಸಬೇಡಿ" ಎಂದು ಹೆಡ್‌ಮಾಸ್ಟರು ನಿನ್ನೆಯೇ ಹೇಳಿಕಳಿಸಿದರು. ಹಾಜರಿಯಲ್ಲೂ ಅದನ್ನೇ ಬರೆಯಲು ನನಗೆ ಹೇಳಿದರು. ಅಂದು ಶಿಕ್ಷಕರ ಸಭೆಯಲ್ಲಿ ಇಂಥದೇ ಮಾತನ್ನು ವಿರೋಧಿಸಿ ನೀವೊಬ್ಬರೇ ಎದ್ದು ನಿಂತಾಗ ನಾನು ತಲೆ ತಗ್ಗಿಸಿ ಕೂತಿದ್ದೆನಲ್ಲ, ಹಾಗೇ ಕೂತು ಬರೆದೆ.

ಐವರು ಬರಲಿಲ್ಲ. ನೀವು ಸಂಜೆ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದಿರಲ್ಲ, ಆ ದರ್ಜಿಯ ಮಗಳು ಮಾತ್ರ ಎರಡು ಪೆನ್ಸಿಲ್ ಚೂಪು ಮಾಡಿಕೊಂಡು ಅಮ್ಮನ ಜತೆ ಬಂದಿದ್ದಳು.

"ಟೀಚರ್, ಇವಳಿಗೆ ಜ್ವರ ಇಲ್ಲ. ಬೇಕಾದ್ರೆ ಮುಟ್ಟಿ ನೋಡಿ," ಎಂದಳು ತಾಯಿ.

ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು. ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತಿದ್ದರು.

"ಸ್ವಲ್ಪ ಇದೆ. ಮನೆಗೆ ಕರ್ಕೊಂಡು ಹೋಗಿ ಮಲಗಿಸಿ," ಎಂದೆ.

"ನೀವೇ ಹೇಳಿದ್ಮೇಲೆ ಇನ್ನೇನು ಟೀಚರ್," ಎಂದು ತಾಯಿ ಮಗಳ ಕೈ ಹಿಡಿದಳು.

ಅವರು ಗೇಟು ದಾಟುವವರೆಗೂ ನೋಡುತ್ತ ನಿಂತೆ. ಹುಡುಗಿ ದಾರಿಯುದ್ದಕ್ಕೂ ತನ್ನ ಹಣೆಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.